ಇಬ್ಬರೇ ಮಂಗಳೂರಿಗೆ: ಒಂದು ರಾತ್ರಿ, ನಾಲ್ಕು ಹೊತ್ತಿನ ಊಟ

ಕಾಸರಗೋಡಿನವರಿಗೆ ಮಂಗಳೂರು ಗೊತ್ತಿಲ್ಲದ ಊರಲ್ಲ. ತೊಂದರೆ ಇರುವುದೇ ಅಲ್ಲಿ. ಆಸ್ಪತ್ರೆಗೆ ಹೋಗುತ್ತೇವೆ, ಜವಳಿಗೆ ಹೋಗುತ್ತೇವೆ, ಮಕ್ಕಳ ಕಾಲೇಜು ಫೀಸು ಕಟ್ಟಲು ಹೋಗುತ್ತೇವೆ, ಯಾರದ್ದೋ ಮದುವೆ ಹಾಲ್‌ನಲ್ಲಿ ಉಂಡು ಮೂರು ಗಂಟೆ ಬಸ್ಸಿಗೆ ವಾಪಸ್. 1956ರಲ್ಲಿ ನಾವು ಕೇರಳಕ್ಕೆ ಸೇರುವವರೆಗೆ ಮಂಗಳೂರೇ ನಮ್ಮ ಜಿಲ್ಲಾ ಕೇಂದ್ರವಾಗಿತ್ತು. ಗಡಿ ಬದಲಾಯಿತು, ಕೆಲಸಕ್ಕೆ ಅಲ್ಲಿಗೆ ಓಡುವ ಅಭ್ಯಾಸ ಬದಲಾಗಲಿಲ್ಲ. ಹಾಗಾಗಿ ಗಂಡ ಹೆಂಡತಿ ಇಬ್ಬರೇ ಎರಡು ದಿನ ಎಲ್ಲಾದರೂ ಹೋಗೋಣ ಅಂದರೆ ಮಡಿಕೇರಿ, ವಯನಾಡು ಅಂತ ಶುರುವಾಗುತ್ತದೆ. ಆರೇಳು ಗಂಟೆ ಕಾರಿನಲ್ಲೇ ಕಳೆಯುತ್ತದೆ, ಸೊಂಟ ನೋವು ಬೇರೆ. ಐವತ್ತು ಕಿಲೋಮೀಟರ್ ದೂರದಲ್ಲಿ ಇಷ್ಟು ಚೆನ್ನಾಗಿ ಉಣ್ಣಲು ಸಿಗುವ ಊರು ಇರುವಾಗ ಅದೆಲ್ಲ ಯಾಕೆ?

ಮಂಗಳೂರನ್ನು ಪ್ರವಾಸದ ಜಾಗ ಮಾಡಲು ಎರಡೇ ನಿಯಮ ಸಾಕು. ಒಂದು, ರಾತ್ರಿ ಅಲ್ಲೇ ಉಳಿಯಬೇಕು. ಇನ್ನೊಂದು, ಮೊದಲು ಊಟ ಎಲ್ಲಿ ಅಂತ ನಿರ್ಧರಿಸಿ, ನೋಡುವ ಜಾಗಗಳನ್ನು ಊಟಗಳ ನಡುವಿನ ಹೊತ್ತಿಗೆ ಹಾಕಿಕೊಳ್ಳಬೇಕು. ಜನ ಇದನ್ನು ಉಲ್ಟಾ ಮಾಡುತ್ತಾರೆ. ಹತ್ತು ಜಾಗದ ಪಟ್ಟಿ ಹಿಡಿದು ಓಡಾಡಿ, ಹಸಿವಾದಾಗ ಎದುರಿಗೆ ಕಂಡ ಹೋಟೆಲಿಗೆ ನುಗ್ಗಿ, ಮೂರು ಗಂಟೆಗೆ ತಣ್ಣಗಿನ ಪಲಾವ್ ತಿಂದು, ಆಮೇಲೆ ಇಬ್ಬರೂ ಮುಖ ಊದಿಸಿಕೊಂಡು ಕೂರುತ್ತಾರೆ.

ಮನೆ ಬಿಡುವುದು

ಇದೇ ದೊಡ್ಡ ಕೆಲಸ. ತೋಟ, ಹಟ್ಟಿ ಇರುವ ಮನೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ದನ ಕರೆಯಲು ಯಾರು, ಬೇಸಿಗೆಯಾದರೆ ತೋಟಕ್ಕೆ ನೀರು ಬಿಡಲು ಯಾರು, ಮಳೆಗಾಲವಾದರೆ ಮದ್ದು ಬಿಡುವವರು ಅದೇ ಶನಿವಾರ ಬರುತ್ತೇನೆ ಅಂದರೆ ಏನು ಮಾಡುವುದು. ಇದನ್ನೆಲ್ಲ ಒಂದು ವಾರ ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಮಕ್ಕಳನ್ನು ಅಜ್ಜಿ ಮನೆಗೆ ಕಳಿಸುವುದಾದರೆ ಶುಕ್ರವಾರ ಸಂಜೆಯೇ ಕಳಿಸಿ, ಶನಿವಾರ ಬೆಳಿಗ್ಗೆ ಬಿಡಲು ಹೋದರೆ ಅಲ್ಲೇ ಕಾಫಿ, ತಿಂಡಿ, ಊಟ ಅಂತ ಹನ್ನೆರಡು ಗಂಟೆಯಾಗುತ್ತದೆ.

ಇನ್ನೊಂದು ಮಾತು. ಮಂಗಳೂರಲ್ಲಿ ನೆಂಟರಿಲ್ಲದ ಕಾಸರಗೋಡಿನವರು ಸಿಗುವುದು ಕಷ್ಟ. ನೀವು ಬರುತ್ತೀರಿ ಅಂತ ಗೊತ್ತಾದರೆ "ಮನೆ ಇರುವಾಗ ಲಾಡ್ಜಿನಲ್ಲಿ ಉಳಿಯುವುದಾ?" ಅಂತ ಚಿಕ್ಕಮ್ಮ ಬೇಸರ ಮಾಡಿಕೊಳ್ಳುತ್ತಾರೆ. ಹೇಳದೆ ಹೋಗುವುದು ಒಳ್ಳೆಯದು. ವಾಟ್ಸಾಪ್ ಸ್ಟೇಟಸ್ ಹಾಕುವುದಿದ್ದರೆ ಮನೆಗೆ ಬಂದ ಮೇಲೆ ಹಾಕಿ. ಹೊರಡುವಾಗ ಮನೆಯ ಹಿರಿಯರು "ಹೇಗೂ ಹೋಗುತ್ತೀರಲ್ಲ" ಅಂತ ಒಂದು ಹಲಸಿನ ಹಣ್ಣನ್ನೋ ಬಾಳೆಗೊನೆಯನ್ನೋ ಯಾರಿಗಾದರೂ ತಲುಪಿಸಲು ಕೊಡುವ ಅಪಾಯವೂ ಇದೆ. ಒಪ್ಪಿಕೊಂಡರೆ ನಿಮ್ಮ ಪ್ರವಾಸ ಪಾರ್ಸೆಲ್ ಸರ್ವಿಸ್ ಆಯಿತು ಅಂತಲೇ ಲೆಕ್ಕ.

ಯಾವಾಗ ಹೋಗುವುದು

ಮದುವೆ ಸೀಸನ್‌ನಲ್ಲಿ ಶನಿವಾರ, ಭಾನುವಾರ ಮಂಗಳೂರಿನ ಒಳ್ಳೆಯ ಹೋಟೆಲ್‌ಗಳ ಕೋಣೆಗಳೆಲ್ಲ ದಿಬ್ಬಣದವರಿಗೆ ಹೋಗಿರುತ್ತವೆ. ಸಿಕ್ಕರೂ ಕೆಳಗಿನ ಹಾಲ್‌ನಲ್ಲಿ ರಾತ್ರಿಯ ಆರತಕ್ಷತೆ, ಬ್ಯಾಂಡು. ಹಾಲ್ ಇರುವ ಹೋಟೆಲಾದರೆ ಬುಕ್ ಮಾಡುವಾಗಲೇ "ಆ ದಿನ ಕಾರ್ಯಕ್ರಮ ಇದೆಯಾ?" ಅಂತ ಕೇಳಿ. ದಸರಾ ಹೊತ್ತಿನಲ್ಲಿ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದ ದೀಪಾಲಂಕಾರ ನೋಡಲು ಚೆನ್ನಾಗಿರುತ್ತದೆ, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ದೇವಸ್ಥಾನ ಅದು. ಆದರೆ ಆಗ ಊರಿಡೀ ಜನಸಾಗರ. ಇಬ್ಬರೇ ನೆಮ್ಮದಿಯಾಗಿ ಕಳೆಯಲು ಹೇಳಿ ಮಾಡಿಸಿದ ವಾರ ಅದಲ್ಲ.

ಮೀನು ತಿನ್ನುವವರು ಇನ್ನೊಂದು ಕ್ಯಾಲೆಂಡರ್ ನೋಡಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಸಮಯದಲ್ಲಿ ಹೋಟೆಲ್‌ಗಳಲ್ಲಿ ಮೀನು ಸಿಗುವುದಿಲ್ಲ ಅಂತಲ್ಲ, ನಾಡದೋಣಿಯವರದ್ದು ಸ್ವಲ್ಪ ಬರುತ್ತದೆ, ಉಳಿದದ್ದು ಐಸಿನದ್ದು ಅಥವಾ ದೂರದಿಂದ ಬಂದದ್ದು, ರೇಟು ಮಾತ್ರ ಜಾಸ್ತಿ. ಆಗ ಹೋದರೆ ಕೋಳಿ ತಿನ್ನಿ.

ನನ್ನ ಲೆಕ್ಕದಲ್ಲಿ ಅತಿ ಒಳ್ಳೆಯ ಹೊತ್ತು ಆಗಸ್ಟ್ ತಿಂಗಳ ಮೊದಲ ಎರಡು ವಾರ. ಇನ್ನೂ ತುಳುವರ ಆಟಿ ತಿಂಗಳು ಮುಗಿದಿರುವುದಿಲ್ಲ, ಆಟಿಯಲ್ಲಿ ಮದುವೆ ಇಡುವುದಿಲ್ಲ, ಹಾಗಾಗಿ ಕೋಣೆಗಳು ಖಾಲಿ ಇರುತ್ತವೆ, ಸ್ವಲ್ಪ ಚೌಕಾಸಿಗೂ ಬಗ್ಗುತ್ತಾರೆ. ಅದೇ ಹೊತ್ತಿಗೆ ಬೋಟುಗಳು ಮತ್ತೆ ಕಡಲಿಗೆ ಹೊರಟಿರುತ್ತವೆ, ಕಡಲು ಸ್ವಲ್ಪ ಸುಮ್ಮನಿದ್ದರೆ ತಾಜಾ ಮೀನು ಬರಲು ಶುರುವಾಗಿರುತ್ತದೆ. ಸಸ್ಯಾಹಾರಿಗಳಿಗೆ ಪತ್ರೊಡೆಯ ಕಾಲ. ಮಳೆ ಇರುತ್ತದೆ ನಿಜ, ಆದರೆ ನಾವು ಮಳೆ ನೋಡದವರಾ? ಹೊಸದಾಗಿ ಮದುವೆಯಾದವರಿಗೆ ಮಾತ್ರ ಒಂದು ಸಮಸ್ಯೆ, ಹೆಂಡತಿ ಆಟಿ ಕೂರಲು ತವರಿಗೆ ಹೋಗಿರುತ್ತಾಳೆ. ಅತ್ತೆ ಮನೆಯವರನ್ನು ಒಪ್ಪಿಸುವ ಕೆಲಸ ನಿಮಗೇ ಬಿಟ್ಟದ್ದು.

ಹೋಗುವುದು ಹೇಗೆ, ಉಳಿಯುವುದು ಎಲ್ಲಿ

ರೈಲು. ಬಸ್ಸು ಎರಡೂ ರಾಜ್ಯದ್ದು ಬೇಕಾದಷ್ಟಿದೆ, ಪಂಪ್‌ವೆಲ್, ಜ್ಯೋತಿ ಕಡೆಯಿಂದಲೇ ಊರೊಳಗೆ ಹೋಗುತ್ತದೆ. ಆದರೆ ರಜೆಯ ಮೂಡಿಗೆ ರೈಲೇ ಸರಿ. ಕುಂಬಳೆ ಹೊಳೆ, ಶಿರಿಯ ಹೊಳೆ, ಕೊನೆಗೆ ನೇತ್ರಾವತಿ ಸೇತುವೆ ಎಲ್ಲ ಕಿಟಕಿಯಲ್ಲಿ ಬರುತ್ತವೆ. ಒಂದು ಎಚ್ಚರ: ಮಂಗಳೂರು ಸೆಂಟ್ರಲ್‌ಗೆ ಹೋಗುವ ಗಾಡಿಯನ್ನೇ ಹಿಡಿಯಿರಿ. ಕೊಂಕಣ ಕಡೆಗೆ ಹೋಗುವ ನೇತ್ರಾವತಿ, ಮಂಗಳಾದಂಥ ಗಾಡಿಗಳು ಸೆಂಟ್ರಲ್‌ಗೆ ಹೋಗುವುದಿಲ್ಲ, ಪಡೀಲ್ ಬಳಿಯ ಜಂಕ್ಷನ್‌ನಲ್ಲಿ ಇಳಿಸಿ ಹಾಗೇ ಉತ್ತರಕ್ಕೆ ಹೋಗುತ್ತವೆ. ಅಲ್ಲಿಂದ ಪೇಟೆಗೆ ಮತ್ತೆ ರಿಕ್ಷಾ ಹಿಡಿಯಬೇಕು. ಸೆಂಟ್ರಲ್‌ನಲ್ಲಿ ಇಳಿದರೆ ಹಂಪನಕಟ್ಟೆ ನಡೆದೇ ಹೋಗುವಷ್ಟು ಹತ್ತಿರ.

ಕಾರು ಬೇಡ ಅಂತ ನಾನು ಹೇಳುವುದಕ್ಕೆ ಕಾರಣ ಪಾರ್ಕಿಂಗ್. ಹಂಪನಕಟ್ಟೆ, ಕೆ.ಎಸ್. ರಾವ್ ರಸ್ತೆ, ರಥಬೀದಿ, ಬಂದರು, ಒಳ್ಳೆಯ ಊಟ ಇರುವ ಕಡೆಯೆಲ್ಲ ರಸ್ತೆ ಇಕ್ಕಟ್ಟು. ಜಾಗ ಹುಡುಕುತ್ತಾ ಸುತ್ತುವಷ್ಟರಲ್ಲಿ ಅಂಜಲ್ ಮೀನು ಖಾಲಿಯಾಗಿರುತ್ತದೆ. ರಿಕ್ಷಾ, ಆಪ್‌ನ ಟ್ಯಾಕ್ಸಿ, ಸಿಟಿ ಬಸ್ಸು ಎಲ್ಲವೂ ಇದೆ. ರಿಕ್ಷಾದವರ ಹತ್ತಿರ ತುಳುವಿನಲ್ಲಿ ಮಾತಾಡಿದರೆ ದಾರಿಯಲ್ಲೇ ಎಲ್ಲಿ ಮೀನು ಚೆನ್ನಾಗಿದೆ ಅಂತಲೂ ಹೇಳುತ್ತಾರೆ, ಅವರ ಮಾತನ್ನು ಆನ್‌ಲೈನ್ ರೇಟಿಂಗ್‌ಗಿಂತ ಹೆಚ್ಚು ನಂಬಬಹುದು.

ಕೋಣೆಗೆ ತುಂಬ ದುಡ್ಡು ಸುರಿಯಬೇಡಿ. ಸ್ವಚ್ಛವಾದ ಹಾಸಿಗೆ, ಬಿಸಿನೀರು, ಎಸಿ ಇದ್ದರೆ ಸಾಕು, ಉಳಿದದ್ದನ್ನು ಊಟಕ್ಕೆ ಇಡಿ. ಹಂಪನಕಟ್ಟೆ, ಕೊಡಿಯಾಲ್‌ಬೈಲ್, ಬಲ್ಮಠ ಕಡೆ ಉಳಿದರೆ ಎಲ್ಲ ಕಡೆಗೂ ಹತ್ತಿರ. ಕಡಲಿನ ಪಕ್ಕವೇ ಬೇಕು ಅನ್ನುವವರಿಗೆ ಉಳ್ಳಾಲದಲ್ಲಿ ರೆಸಾರ್ಟ್ ಇದೆ, ಆದರೆ ಅಲ್ಲಿ ಉಳಿದರೆ ಪ್ರತಿ ಊಟಕ್ಕೂ ಸೇತುವೆ ದಾಟಿ ಬರಬೇಕು. ಇಬ್ಬರ ಆಧಾರ್ ಕಾರ್ಡೂ ಕೈಯಲ್ಲಿರಲಿ. ಗಂಡನದ್ದು ಮಾತ್ರ ತೋರಿಸಿದರೆ ಸಾಕು ಅನ್ನುವ ಕಾಲ ಹೋಯಿತು.

ಶನಿವಾರ ಮಧ್ಯಾಹ್ನ: ಮೀನೂಟ

ಹನ್ನೆರಡೂವರೆಗೆ ಹೋಟೆಲಿನ ಬಾಗಿಲಲ್ಲಿರಬೇಕು. ಒಂದೂವರೆಗೆ ಹೋದರೆ ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಅವರು ಕೈ ತೊಳೆಯಲು ಏಳುವುದನ್ನು ಕಾಯಬೇಕು. ಬಂದರಿನ ನಾರಾಯಣ, ರಥಬೀದಿ ಕಡೆಯ ಗಿರಿಮಂಜಾಸ್, ಪೇಟೆಯ ಮಚಲಿ, ಇವು ಎಲ್ಲರ ಬಾಯಲ್ಲೂ ಇರುವ ಹೆಸರುಗಳು. ಹಳೆಯ ಮೀನೂಟದ ಹೋಟೆಲ್‌ಗಳಲ್ಲಿ ಕೆಲವು ಭಾನುವಾರ ಬಾಗಿಲು ಹಾಕುತ್ತವೆ, ತೆರೆದಿರುವ ಕಡೆ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೇ ಈ ಊಟ ಶನಿವಾರಕ್ಕೆ.

ಕ್ರಮ ಹೀಗೆ. ಇಬ್ಬರಿಗೂ ಒಂದೊಂದು ಊಟ ಹೇಳಿ. ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಪಲ್ಯ, ಉಪ್ಪಿನಕಾಯಿ ಬರುತ್ತದೆ. ಆಮೇಲೆ ಫ್ರೈ. ಕೆಲವು ಕಡೆ ಮಸಾಲೆ ಹಚ್ಚಿದ ಮೀನುಗಳನ್ನು ಟ್ರೇಯಲ್ಲಿ ತಂದು ತೋರಿಸುತ್ತಾರೆ, ಆರಿಸಿಕೊಳ್ಳಿ. ಇಲ್ಲಿ ನಾಚಿಕೆ ಬೇಡ, ಕಾಯಿಸುವ ಮೊದಲೇ ರೇಟು ಕೇಳಿ. ಅಂಜಲ್, ಮಾಂಜಿ, ದೊಡ್ಡ ಸಿಗಡಿ, ಇವಕ್ಕೆ ಗಾತ್ರ ನೋಡಿ ದರ, ಮೆನುವಿನಲ್ಲಿ ಬರೆದಿರುವುದಿಲ್ಲ. ಇಬ್ಬರೂ ಒಂದೇ ಮೀನು ತೆಗೆದುಕೊಳ್ಳಬೇಡಿ. ಒಬ್ಬರು ಕಾಣೆ ರವಾ ಫ್ರೈ, ಇನ್ನೊಬ್ಬರು ಅಂಜಲ್ ತವಾ ಫ್ರೈ. ಕಾಣೆಯ ಮಾಂಸ ಮೆದು, ರವೆಯ ಗರಿಗರಿ ಅದಕ್ಕೆ ಸರಿಯಾಗಿ ಹೊಂದುತ್ತದೆ. ಅಂಜಲ್ ದಪ್ಪ ತುಂಡು, ಖಾರದ ಮಸಾಲೆ ಹಿಡಿದುಕೊಳ್ಳುತ್ತದೆ. ಅರ್ಧರ್ಧ ಹಂಚಿಕೊಳ್ಳಿ. ಬೂತಾಯಿ, ಬಂಗುಡೆ ಮನೆಯಲ್ಲೇ ವಾರಕ್ಕೆ ಮೂರು ಸಲ ಆಗುತ್ತದಲ್ವಾ, ಅದಕ್ಕೆ ಇಲ್ಲಿ ಹೊಟ್ಟೆಯ ಜಾಗ ಕೊಡಬೇಡಿ. ಆದರೆ ಬಂಗುಡೆ ಪುಳಿಮುಂಚಿ ಇದ್ದರೆ ಒಂದು ಪ್ಲೇಟು ನಡುವೆ ಇಟ್ಟುಕೊಂಡರೆ ತಪ್ಪಿಲ್ಲ.

ಈ ಹೋಟೆಲ್‌ಗಳಲ್ಲಿ ಪ್ರಣಯಕ್ಕೆ ಜಾಗವಿಲ್ಲ ಅಂತ ಮೊದಲೇ ತಿಳಿದುಕೊಳ್ಳಿ. ನಿಮ್ಮ ಮೇಜಿನಲ್ಲೇ ಇನ್ನಿಬ್ಬರು ಅಪರಿಚಿತರು ಕೂರುತ್ತಾರೆ, ಹುಡುಗ ಬಂದು "ಅನ್ನ ಬೇಕಾ?" ಅಂತ ಎರಡು ಸಲ ಕೇಳಿ ಮೂರನೇ ಸಲ ಬಿಲ್ಲು ಇಡುತ್ತಾನೆ. ಉಣ್ಣಿ, ಏಳಿ. ಮಾತುಕತೆಯೆಲ್ಲ ರಾತ್ರಿಗೆ.

ಸಸ್ಯಾಹಾರಿಗಳು ಬೇಸರ ಪಡಬೇಕಾಗಿಲ್ಲ. ನಮ್ಮ ಕಡೆಯ ಅರ್ಧ ಮನೆಗಳು ಹಾಗೇ ತಾನೆ. ಬಂಟ್ಸ್ ಹಾಸ್ಟೆಲ್ ಬಳಿಯ ವುಡ್‌ಲ್ಯಾಂಡ್ಸ್, ಜನತಾ ಡಿಲಕ್ಸ್‌ನಂಥ ಕಡೆ ಊಟ ಚೆನ್ನಾಗಿರುತ್ತದೆ. ಆದರೆ ಅವರಿಗೆ ನನ್ನ ಸಲಹೆ ಬೇರೆ: ಅನ್ನ ಸಾರು ಮನೆಯಲ್ಲೇ ಇದೆ, ಮಧ್ಯಾಹ್ನ ಲಘುವಾಗಿ ಮುಗಿಸಿ, ತಿಂಡಿಗೆ ಹೊಟ್ಟೆ ಉಳಿಸಿಕೊಳ್ಳಿ.

ಸಂಜೆ

ಊಟದ ಮೇಲೆ ಕೋಣೆಗೆ ಹೋಗಿ ಎರಡು ಗಂಟೆ ನಿದ್ದೆ ಮಾಡಿ. ಇದೂ ಯೋಜನೆಯ ಭಾಗವೇ, ಮನೆಯಲ್ಲಿ ಮಧ್ಯಾಹ್ನ ಇಬ್ಬರಿಗೂ ಒಟ್ಟಿಗೆ ನಿದ್ದೆ ಸಿಗುವುದು ಯಾವಾಗ? ನಾಲ್ಕು ಗಂಟೆಗೆ ಎದ್ದು ಗೋಳಿಬಜೆ, ಚಹಾ. ಗೋಳಿಬಜೆ ಬಾಣಲೆಯಿಂದ ಇಳಿಯುವ ಹೊತ್ತಿಗೇ ತಿನ್ನಬೇಕು, ಆರಿದರೆ ರಬ್ಬರು.

ಕಡಲಿಗೆ ಪಣಂಬೂರಿಗಿಂತ ತಣ್ಣೀರುಬಾವಿ ವಾಸಿ, ಜನ ಕಡಿಮೆ, ಗಾಳಿಮರದ ನೆರಳಿದೆ. ಹೋಗುವ ದಾರಿಯೇ ಒಂದು ಮಜಾ: 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಗೋಪುರ ಸುಲ್ತಾನ್ ಬತ್ತೇರಿಯಲ್ಲಿದೆ, ಅದರ ಪಕ್ಕದಿಂದಲೇ ಗುರುಪುರ ಹೊಳೆ ದಾಟುವ ದೋಣಿ ಸಿಗುತ್ತದೆ. ಜೋರು ಮಳೆ, ಗಾಳಿ ಇದ್ದಾಗ ದೋಣಿ ನಿಲ್ಲಿಸಿರುತ್ತಾರೆ, ಆಗ ರಸ್ತೆಯಲ್ಲೇ ಸುತ್ತಿ ಹೋಗಬೇಕು. ವಾಪಸ್ ಬರುವ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಮಳೆಗಾಲದಲ್ಲಿ ನೀರಿಗಿಳಿಯುವ ಮಾತೇ ಬೇಡ. ಸೋಮೇಶ್ವರದ ಕಡೆ ಹೋದರೂ ಅಷ್ಟೇ, ರುದ್ರಪಾದೆಯ ಬಂಡೆ ಮೇಲೆ ಫೋಟೋ ತೆಗೆಯಲು ಹೋಗಿ ಅಲೆಗೆ ಸಿಕ್ಕಿದವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ರಾತ್ರಿಯ ಊಟ

ದುಡ್ಡು ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ಮಧ್ಯಾಹ್ನವೇ ಫೋನ್ ಮಾಡಿ ಟೇಬಲ್ ಹೇಳಿಡಿ, ಶನಿವಾರ ರಾತ್ರಿ ಎಂಟೂವರೆ ಮೇಲೆ ಎಲ್ಲ ಕಡೆ ರಶ್. ಫೋನಿನಲ್ಲೇ ಇನ್ನೊಂದು ವಿಷಯ ಕೇಳಿ: ಫ್ಯಾಮಿಲಿ ಸೆಕ್ಷನ್ ಬೇರೆ ಇದೆಯಾ? ಮಂಗಳೂರಿನ ಒಳ್ಳೆಯ ಮಾಂಸಾಹಾರಿ ಹೋಟೆಲ್‌ಗಳಲ್ಲಿ ಎಷ್ಟೋ ಬಾರ್ ಅಂಡ್ ರೆಸ್ಟೋರೆಂಟ್‌ಗಳು. ಕೆಳಗೆ ಬಾರು, ಟಿವಿಯಲ್ಲಿ ಕ್ರಿಕೆಟ್, ಗದ್ದಲ, ಮೇಲೆ ಎಸಿ ಕೋಣೆ. ಹೊಸಬರು ಕೆಳಗೆ ನೋಡಿ ವಾಪಸ್ ಹೋಗಿಬಿಡುತ್ತಾರೆ.

ಏನು ತಿನ್ನುವುದು? ಚಿಕನ್ ಘೀ ರೋಸ್ಟ್. ಕುಂದಾಪುರದಿಂದ ಬಂದದ್ದು, ಬ್ಯಾಡಗಿ ಮೆಣಸು, ತುಪ್ಪ, ಸ್ವಲ್ಪ ಹುಳಿ. ಮನೆಯಲ್ಲಿ ಮಾಡಲು ಹೋದರೆ ಅಷ್ಟು ತುಪ್ಪ ಸುರಿಯಲು ಕೈ ಬರುವುದಿಲ್ಲ, ಅದಕ್ಕೇ ಆ ರುಚಿ ಬರುವುದಿಲ್ಲ. ಒಂದು ಪ್ಲೇಟು ಇಬ್ಬರಿಗೆ ಬೇಕಾದಷ್ಟಾಯಿತು, ಜೊತೆಗೆ ನೀರುದೋಸೆ. ಎಲ್ಲವನ್ನೂ ಒಟ್ಟಿಗೆ ಆರ್ಡರ್ ಮಾಡಬೇಡಿ. ಒಂದು ಐಟಂ ತಿಂದು ಮುಗಿಸಿ, ಮಾತಾಡಿ, ಆಮೇಲೆ ಇನ್ನೊಂದು. ಕೋರಿ ರೊಟ್ಟಿ ಹೇಳುವುದಾದರೆ ರೊಟ್ಟಿ, ಗಸಿ ಬೇರೆಬೇರೆ ಇಡಲು ಹೇಳಿ, ಸ್ವಲ್ಪ ಸ್ವಲ್ಪವೇ ಹಾಕಿಕೊಳ್ಳಿ. ಮರುವಾಯಿ ಸುಕ್ಕ ಇದ್ದರೆ ಬಿಡಬೇಡಿ. ಹಂದಿ ತಿನ್ನುವವರಾದರೆ ಕ್ರಿಶ್ಚಿಯನ್ ಅಡುಗೆಯ ಹೋಟೆಲ್ ವಿಚಾರಿಸಿ ಬಫಾತ್ ಅನ್ನುವ ಹಂದಿ ಪದಾರ್ಥ, ಜೊತೆಗೆ ಇಡ್ಲಿಯಂಥ ಸಾನ್ನಾ ತಿನ್ನಿ, ಅದು ನಮ್ಮ ಕಡೆ ಹೋಟೆಲ್‌ಗಳಲ್ಲಿ ಸಿಗುವುದು ಕಡಿಮೆ. ಬಿರಿಯಾನಿಗೆ ಮಾತ್ರ ಮಂಗಳೂರಿಗೆ ಹೋಗಬೇಕಾಗಿಲ್ಲ. ಅದು ಕಾಸರಗೋಡಲ್ಲೇ ಚೆನ್ನಾಗಿದೆ, ಈ ಮಾತಿನಲ್ಲಿ ನನಗೆ ಸಂಶಯವೇ ಇಲ್ಲ.

ಫೋನು ಬ್ಯಾಗಿನಲ್ಲಿರಲಿ ಅಂತ ನಾನು ಹೇಳಿದರೆ ಯಾರು ಕೇಳುತ್ತಾರೆ. ಅಜ್ಜಿ ಮನೆಗೆ ಒಂದು ಕಾಲ್ ಮಾಡಿ, ಮಕ್ಕಳು ಉಂಡರಾ ಅಂತ ಕೇಳಿ, ಆಮೇಲೆ ಇಟ್ಟುಬಿಡಿ. ತೋಟದ ವಿಷಯ, ಅಡಿಕೆ ರೇಟು, ಸಾಲ, ನಾದಿನಿ, ಇವು ನಾಲ್ಕು ಮೇಜಿಗೆ ಬರಬಾರದು. ಬಂದರೆ ಘೀ ರೋಸ್ಟ್ ದಂಡ.

ಭಾನುವಾರ

ಬೆಳಿಗ್ಗೆ ಬೇಗ ಕದ್ರಿ. ಮಂಜುನಾಥ ದೇವಸ್ಥಾನದ ಲೋಕೇಶ್ವರನ ಕಂಚಿನ ವಿಗ್ರಹ ಕ್ರಿ.ಶ. 968ರದ್ದು. ಒಳಗೆ ಹೋದವರು ಮಂಜುನಾಥನಿಗೆ ಕೈ ಮುಗಿದು ಅದನ್ನು ನೋಡದೆ ಬರುತ್ತಾರೆ, ನೀವು ಎರಡು ನಿಮಿಷ ನಿಂತು ನೋಡಿ. ಹಿಂದಿನ ಕೆರೆಗಳ ಬದಿಯಲ್ಲಿ ಸ್ವಲ್ಪ ಹೊತ್ತು ಕೂರಬಹುದು.

ಅಲ್ಲಿಂದ ಸೀದಾ ತಿಂಡಿಗೆ, ಕೊಡಿಯಾಲ್‌ಬೈಲಿನ ನ್ಯೂ ತಾಜ್ ಮಹಲ್ ಥರದ ಹಳೇ ಹೋಟೆಲಿಗೆ. ಬನ್ಸ್ ಬಿಸಿ ಇದೆಯಾ ಕೇಳಿ, ಬಿಸಿ ಇದ್ದರೆ ಬನ್ಸ್, ಇಲ್ಲದಿದ್ದರೆ ಬಿಸ್ಕೂಟ್ ರೊಟ್ಟಿ. ಉದ್ದಿನಬೇಳೆ, ಖಾರದ ಹೂರಣ ತುಂಬಿ ಕರಿದ ರೊಟ್ಟಿ ಅದು. ಇಡ್ಲಿ, ದೋಸೆ ತಿನ್ನಲು ಇಷ್ಟು ದೂರ ಬಂದದ್ದಲ್ಲ. ಮೂಡೆ ಇದ್ದರೆ ಬೇರೆ ಮಾತು, ಮುಂಡೇವಿನ ಎಲೆಯ ಪರಿಮಳಕ್ಕಾದರೂ ತಿನ್ನಬೇಕು.

ಹತ್ತರ ಮೇಲೆ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಕೈ ಹಾಕಿ ಇದರ ಗೋಡೆ, ಮಾಡುಗಳಲ್ಲೆಲ್ಲ ಚಿತ್ರ ಬರೆದದ್ದು. ಭಾನುವಾರ ಪೂಜೆ ಇರಬಹುದು, ಮುಗಿಯುವವರೆಗೆ ಹೊರಗೆ ಕಾಯಿರಿ, ಒಳಗೆ ಫೋಟೋ ತೆಗೆಯಬಹುದಾ ಅಂತ ಕೇಳಿದ ಮೇಲೆಯೇ ಫೋನು ಹೊರಗೆ. ಮಳೆ ಜೋರಾದರೆ ಪಾಂಡೇಶ್ವರದ ಮಾಲ್‌ನಲ್ಲೋ ಬಿಜೈಯಲ್ಲೋ ಒಂದು ತುಳು ಸಿನಿಮಾ. ಪಿಲಿಕುಳ ಚೆನ್ನಾಗಿದೆ, ಆದರೆ ಅದಕ್ಕೆ ಅರ್ಧ ದಿನ ಬೇಕು, ಮಕ್ಕಳ ಜೊತೆ ಬಂದಾಗ ಹೋಗಿ.

ಜವಳಿ ಅಂಗಡಿ ವಿಷಯ. ಹಂಪನಕಟ್ಟೆ ಸುತ್ತಿನ ಹಳೇ ಅಂಗಡಿಗಳಲ್ಲಿ ಹಲವು ಭಾನುವಾರ ಮುಚ್ಚಿರುತ್ತವೆ. ಇದನ್ನು ವರ ಅಂತ ಭಾವಿಸಬೇಕು. ಒಮ್ಮೆ ಸೀರೆ ಅಂಗಡಿಯೊಳಗೆ ಹೋದರೆ ಅಲ್ಲಿಗೆ ರಜೆ ಮುಗಿಯಿತು, ಮಾಮೂಲಿ ಮಂಗಳೂರು ಶುರು.

ಮಧ್ಯಾಹ್ನ ಏನಾದರೂ ಸಣ್ಣದು ತಿನ್ನಿ, ಬೇಕಾದರೆ ನೀರುದೋಸೆಗೆ ತೆಂಗಿನಕಾಯಿ ಬೆಲ್ಲ. ಯಾಕೆ ಅಂದರೆ ಮೂರು ಗಂಟೆಗೆ ಗಡ್‌ಬಡ್ ಇದೆ. 1975ರಲ್ಲಿ ಶುರುವಾದ ಐಡಿಯಲ್ ಐಸ್‌ಕ್ರೀಮ್‌ನವರ ಪಾರ್ಲರ್‌ಗಳು ಪೇಟೆಯಲ್ಲಿವೆ, ಲಾಲ್‌ಬಾಗಿನ ಪಬ್ಬಾಸ್ ಅವರದ್ದೇ. ಸಂಜೆ ಹೋದರೆ ಹೊರಗೆ ಹೆಸರು ಕೊಟ್ಟು ಕಾಯಬೇಕು, ಮೂರಕ್ಕೆ ಹೋದರೆ ಸೀದಾ ಜಾಗ ಸಿಗುತ್ತದೆ. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮು, ಜೆಲ್ಲಿ, ಹಣ್ಣು, ಒಣಹಣ್ಣು ಎಲ್ಲ ಪದರ ಪದರವಾಗಿ. ಒಂದು ಗಡ್‌ಬಡ್, ಎರಡು ಚಮಚ. ಜೆಲ್ಲಿ ಯಾರಿಗೆ ಅಂತ ಮೊದಲೇ ಮಾತಾಡಿಕೊಳ್ಳಿ.

ವಾಪಸ್

ಮಾವೇಲಿ, ಮಲಬಾರ್ ಎರಡೂ ಸಂಜೆ ಸೆಂಟ್ರಲ್‌ನಿಂದಲೇ ಹೊರಡುತ್ತವೆ. ಅಲ್ಲಿಂದಲೇ ಶುರುವಾಗುವ ಗಾಡಿಗಳಾದ್ದರಿಂದ ಬೇಗ ಹೋದರೆ ಜನರಲ್ ಬೋಗಿಯಲ್ಲೂ ಸೀಟು ಸಿಗುತ್ತದೆ, ಆದರೆ ಭಾನುವಾರ ಸಂಜೆ ರಶ್ ಇರುವುದರಿಂದ ಹೊರಡುವ ಹತ್ತು ನಿಮಿಷ ಮೊದಲು ಓಡಿಕೊಂಡು ಹೋದರೆ ಕಾಸರಗೋಡಿನವರೆಗೆ ನಿಂತೇ ಬರಬೇಕು. ಟೈಮ್ ಆಗಾಗ ಬದಲಾಗುತ್ತದೆ, ಆಪ್‌ನಲ್ಲಿ ನೋಡಿಕೊಳ್ಳಿ. ಮನೆಗೆ ಕೊಂಡುಹೋಗಲು ಐಸ್‌ಕ್ರೀಮು ಬೇಡ, ಕುಂಬಳೆಗೆ ಬರುವಷ್ಟರಲ್ಲಿ ಪಾಯಸ. ಬಿಸ್ಕೂಟ್ ರೊಟ್ಟಿ ಕಟ್ಟಿಸಿಕೊಳ್ಳಿ, ಅಜ್ಜಿ ಮನೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬರುವಾಗ ಕೈ ಖಾಲಿ ಇರಬಾರದಲ್ಲ.

ನನ್ನ ಮಾತು ಕೇಳದೆ ಕಾರಿನಲ್ಲೇ ಹೋದವರು ತಲಪಾಡಿ ದಾಟುವ ಮೊದಲು ಕರ್ನಾಟಕದ ಬಂಕಿನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ, ಲೀಟರಿಗೆ ಕೆಲವು ರೂಪಾಯಿ ಉಳಿಯುತ್ತದೆ. ರಾತ್ರಿ ಊಟದಲ್ಲಿ ಉಳಿದ ಬಾಟಲಿಯನ್ನು ಮಾತ್ರ ಡಿಕ್ಕಿಯಲ್ಲಿ ಇಟ್ಟುಕೊಂಡು ಬರಬೇಡಿ. ಕರ್ನಾಟಕದ ಮದ್ಯ ಕೇರಳಕ್ಕೆ ತರುವಂತಿಲ್ಲ, ಮಂಜೇಶ್ವರದಲ್ಲಿ ಅಬಕಾರಿಯವರು ಗಾಡಿ ನಿಲ್ಲಿಸಿ ನೋಡುತ್ತಾರೆ, ಹೆಂಡತಿ ಪಕ್ಕದಲ್ಲಿದ್ದಾಳೆ ಅಂತ ಬಿಡುವುದಿಲ್ಲ.